ಗೀಸರ್ ಪ್ಲಗ್ಗಿಗೆ ನಾಲ್ಕು ಸ್ಟಾರ್, ಕ್ಯಾಮೆರಾಗೆ ಎರಡೇ

ತಿಪಟೂರಿನ ನಮ್ಮ ಮನೆಗೆ ಹಾಕಿಸಿದ ಮೂರು ಸ್ಮಾರ್ಟ್ ಸಾಮಾನುಗಳ ರಿವ್ಯೂ ಇದು. ಗೀಸರಿಗೆ 16 ಆಂಪ್ ವೈಫೈ ಪ್ಲಗ್, ಅಂಗಳ ಕಾಣುವ ಹಾಗೆ ಒಂದು ವೈಫೈ ಕ್ಯಾಮೆರಾ, ಮುಂಬಾಗಿಲಿಗೆ ಬೆರಳಚ್ಚಿನ ಬೀಗ. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಹಾಕಿದರೂ ಉಪಯೋಗ ಕಡಿಮೆ, ಏಕೆಂದರೆ ಈ ಪ್ಲಗ್ಗನ್ನೇ ನೋಡಿ, ಅದೇ ಡಬ್ಬಿ, ಒಳಗೆ ಅದೇ ಚಿಪ್, ಬಣ್ಣ ಬದಲಿಸಿದ ಅದೇ ಆಪ್, ಸ್ಟಿಕ್ಕರ್ ಮಾತ್ರ ಬೇರೆ ಅಂಟಿಸಿ ಐದಾರು ಹೆಸರಲ್ಲಿ ಆನ್‌ಲೈನಿನಲ್ಲಿ ಮಾರುತ್ತಾರೆ. ಏನು ನೋಡಿ ತಗೋಬೇಕು ಅನ್ನೋದು ಗೊತ್ತಿದ್ದರೆ ಸಾಕು.

ಆ ಮನೆಯಲ್ಲಿ ಇರುವುದು ಅಪ್ಪ, ಅಮ್ಮ ಇಬ್ಬರೇ. ನಾನು ಬೆಂಗಳೂರಲ್ಲಿ, ಅಕ್ಕ ಹಾಸನದಲ್ಲಿ. ಅಮ್ಮನ ಹತ್ತಿರ ಒಳ್ಳೆ ಫೋನೇ ಇದೆ, ಆದರೆ ಅದು ವಾಟ್ಸಾಪಿಗೆ, ಯೂಟ್ಯೂಬಿಗೆ. ಹೊಸ ಆಪ್ ಹಾಕಿಕೊಡುತ್ತೀನಿ ಅಂದರೆ ಫೋನನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ನನ್ನ ಅಳತೆ ಇಷ್ಟೇ: ಆಪ್ ಇಲ್ಲದವರು, ಇಂಟರ್ನೆಟ್ ಇಲ್ಲದ ಹೊತ್ತಲ್ಲಿ, ಇದನ್ನು ಬಳಸೋಕೆ ಆಗುತ್ತದಾ? ಬೇಡ ಅನ್ನಿಸಿದಾಗ ಯಾರನ್ನೂ ಕೇಳದೆ ನಿಲ್ಲಿಸೋಕೆ ಆಗುತ್ತದಾ? ಯೂಟ್ಯೂಬ್ ರಿವ್ಯೂಗಳಲ್ಲಿ ಎಲ್ಲಾ ಹೇಳುತ್ತಾರೆ, ಡಬ್ಬಿ ಬಿಚ್ಚೋದು, ಬಣ್ಣ, ಅಲೆಕ್ಸಾ ಕೆಲಸ ಮಾಡುತ್ತದಾ ಇಲ್ಲವಾ ಅಂತ. ಇದನ್ನು ಮಾತ್ರ ಹೇಳಲ್ಲ.

ಮೊದಲು ಪ್ಲಗ್. ಸಾವಿರ ರೂಪಾಯಿ ಆಸುಪಾಸಿನದು. 10 ಆಂಪಿನದು ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆಸೆಪಡಬೇಡಿ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಒಂಬತ್ತು ಆಂಪಿನ ಹತ್ತಿರ ಎಳೆಯುತ್ತದೆ, 3 ಕಿಲೋವ್ಯಾಟಿನದಾದರೆ 13 ಆಂಪ್. ಅರ್ಧ ಗಂಟೆ ಹಾಗೇ ಎಳೆಯುತ್ತಾ ಇದ್ದರೆ ಅಂಚಿನಲ್ಲಿರುವ ಪ್ಲಗ್ ಬಿಸಿಯಾಗಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ. ನಮ್ಮದು 16 ಆಂಪಿನದು, ಗೀಸರ್ 2 ಕಿಲೋವ್ಯಾಟಿನದು. ನೀರು ಕಾದು ಮುಗಿದ ಮೇಲೆ ಕೈಯಿಟ್ಟು ನೋಡಿದರೆ ಉಗುರುಬೆಚ್ಚಗೆ, ಅಷ್ಟೇ. ಗೋಡೆಯ ಸಾಕೆಟ್ ಹಳೆಯದಾಗಿ ಸಡಿಲವಾಗಿದ್ದರೆ ಮೊದಲು ಅದನ್ನು ಬದಲಾಯಿಸಿ. ಸುಟ್ಟುಹೋದ ಪ್ಲಗ್ಗುಗಳಲ್ಲಿ ಎಷ್ಟೋ ಸಲ ತಪ್ಪು ಆ ಸಾಕೆಟ್ಟಿನದೇ ಆಗಿರುತ್ತದೆ.

ಸೆಟಪ್ ಮಾಡುವಾಗ ಒಂದು ಕಿರಿಕಿರಿ. ಪ್ಲಗ್ಗಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನಿಮ್ಮ ಫೋನ್ 5 ಗಿಗಾಹರ್ಟ್ಸಿಗೆ ಸೇರಿಕೊಂಡಿದ್ದರೆ ಆಪ್ ಸುಮ್ನೆ ಸುತ್ತುತ್ತಾ ಸುತ್ತುತ್ತಾ ಕೊನೆಗೆ 'ವಿಫಲ' ಅನ್ನುತ್ತದೆ. ಏಕೆ ಅಂತ ಹೇಳುವುದಿಲ್ಲ. ರೂಟರಿನಲ್ಲಿ ಎರಡಕ್ಕೂ ಬೇರೆ ಹೆಸರು ಕೊಟ್ಟುಕೊಳ್ಳಿ, ಮುಗೀತು.

ಈಗ ಮುಖ್ಯವಾದದ್ದು. ಕರೆಂಟ್ ಹೋಗಿ ಬಂದರೆ ಈ ಪ್ಲಗ್ ಏನು ಮಾಡುತ್ತದೆ? ನಮ್ಮೂರುಗಳಲ್ಲಿ ಸ್ಮಾರ್ಟ್ ಪ್ಲಗ್ ಮಾರುವವನು ಮೊದಲು ಹೇಳಬೇಕಾದ ಮಾತು ಇದು, ಡಬ್ಬಿ ಮೇಲೆ ಎಲ್ಲೂ ಇಲ್ಲ. ಆಪಿನಲ್ಲಿ ಮೂರು ಆಯ್ಕೆ ಇವೆ: ಕರೆಂಟ್ ಬಂದ ಕೂಡಲೇ ಆನ್, ಆಫ್, ಅಥವಾ ಹೋಗುವಾಗ ಹೇಗಿತ್ತೋ ಹಾಗೆ. ಕಂಪನಿಯಿಂದ ಬರುವಾಗ 'ಹೇಗಿತ್ತೋ ಹಾಗೆ' ಅಂತ ಇಟ್ಟಿದ್ದರು. ಇದರ ಅರ್ಥ ನೋಡಿ. ಬೆಳಗ್ಗೆ ಐದೂಕಾಲಿಗೆ ಆನ್, ಐದೂಮುಕ್ಕಾಲಿಗೆ ಆಫ್ ಅಂತ ಟೈಮ್ ಹಾಕಿದ್ದೀರಿ, ಐದೂವರೆಗೆ ಕರೆಂಟ್ ಹೋಯಿತು, ಹನ್ನೊಂದಕ್ಕೆ ಬಂತು. ಆಫ್ ಆಗಬೇಕಾದ ಹೊತ್ತು ಕತ್ತಲಲ್ಲೇ ದಾಟಿಹೋಗಿದೆ. ಗೀಸರ್ ಹನ್ನೊಂದಕ್ಕೆ ಆನ್ ಆಗಿ, ಮಾರನೇ ದಿನ ಐದೂಮುಕ್ಕಾಲಿನವರೆಗೂ ಆನ್ ಇರುತ್ತದೆ. ನೀರು ಕಾದ ಮೇಲೆ ಒಳಗಿನ ಥರ್ಮೋಸ್ಟ್ಯಾಟ್ ಕರೆಂಟ್ ಕಡಿಯುತ್ತದೆ ನಿಜ, ಆದರೆ ಅದೊಂದನ್ನೇ ನಂಬಿಕೊಂಡು ಇಡೀ ದಿನ ಗೀಸರ್ ಬಿಟ್ಟು ತೋಟಕ್ಕೆ ಹೋಗುವುದು ಬೇಕಾ? ಗೀಸರ್, ಇಸ್ತ್ರಿಪೆಟ್ಟಿಗೆ, ಹೀಟರ್, ಬಿಸಿ ಮಾಡುವ ಯಾವುದಕ್ಕೇ ಆಗಲಿ 'ಆಫ್' ಅಂತಲೇ ಇಡಿ. ಆ ಆಯ್ಕೆ ನಾಲ್ಕು ಮೆನು ಒಳಗೆ, 'ರಿಲೇ ಸ್ಟೇಟಸ್' ಅನ್ನುವ ಹೆಸರಿನಲ್ಲಿ ಅಡಗಿತ್ತು. ರಿಲೇ ಅಂದರೆ ಪ್ಲಗ್ಗಿನೊಳಗೆ ಕರೆಂಟ್ ಬಿಡುವ, ಕಡಿಯುವ ಸ್ವಿಚ್ಚು ಅಂತ ನಮ್ಮಪ್ಪನಿಗೆ ಹೇಗೆ ಗೊತ್ತಾಗಬೇಕು? 'ಕರೆಂಟ್ ಹೋಗಿ ಬಂದರೆ?' ಅಂತ ಸೆಟಪ್ ಮಾಡುವಾಗಲೇ ಒಂದು ಪ್ರಶ್ನೆ ಕೇಳಿದ್ದರೆ ಐದನೇ ಸ್ಟಾರ್ ಕೊಡುತ್ತಿದ್ದೆ.

ಇನ್ನೊಂದು ಪರೀಕ್ಷೆ ನೀವೇ ಮಾಡಿ. ರಾತ್ರಿ ರೂಟರ್ ಆಫ್ ಮಾಡಿ ಮಲಗಿ. ಬೆಳಗ್ಗೆ ಗೀಸರ್ ತಾನಾಗಿ ಆನ್ ಆದರೆ ಟೈಮಿಂಗ್ ಪ್ಲಗ್ಗಿನ ಒಳಗೇ ಇದೆ ಅಂತ. ಆಗದಿದ್ದರೆ ನಿಮ್ಮ ಬಚ್ಚಲುಮನೆಗೆ ನೀರು ಕಾಯಿಸುವ ತೀರ್ಮಾನ ಎಲ್ಲೋ ಹೊರದೇಶದ ಸರ್ವರಿನಲ್ಲಿ ಆಗುತ್ತಿದೆ. ನಮ್ಮ ಪ್ಲಗ್ ಇದರಲ್ಲಿ ಪಾಸ್. ಆದರೆ ಅದಕ್ಕೆ ಒಂದು ಬಾಲಂಗೋಚಿ ಇದೆ. ಪ್ಲಗ್ಗಿನೊಳಗೆ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋದರೆ ಅದಕ್ಕೆ ಟೈಮೇ ಮರೆತುಹೋಗುತ್ತದೆ, ಮತ್ತೆ ಇಂಟರ್ನೆಟ್ಟಿಂದ ಕೇಳಿ ತಿಳಿದುಕೊಳ್ಳಬೇಕು. ಕರೆಂಟ್ ಬಂದು ಮನೆಯ ರೂಟರ್ ಎದ್ದರೂ ಕೇಬಲ್‌ನವರ ಕಡೆ ಲೈನ್ ಇನ್ನೂ ಬಂದಿಲ್ಲ ಅನ್ನಿ, ಆಗ ಪ್ಲಗ್ ಸುಮ್ನೆ ಕೂತಿರುತ್ತದೆ. ಬೆಳಗ್ಗೆ ತಣ್ಣೀರೇ. ಹತ್ತಿಪ್ಪತ್ತು ರೂಪಾಯಿಯ ಬಟನ್ ಸೆಲ್ ಹಾಕಿ ಗಡಿಯಾರ ಕೊಡಬಹುದಿತ್ತು, ಕೊಡಲ್ಲ.

ಹಾಗಿದ್ದೂ ನಾಲ್ಕು ಸ್ಟಾರ್ ಏಕೆ ಅಂದರೆ, ಪಕ್ಕದಲ್ಲಿ ಒಂದು ಬಟನ್ ಇದೆ. ಒತ್ತಿದರೆ 'ಟಕ್' ಅಂತ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ವೈಫೈ ಬೇಡ, ಆಪ್ ಬೇಡ, ಲಾಗಿನ್ ಬೇಡ. ಅದರ ಕೆಳಗೆ ಹಳೆಯ ಗೋಡೆ ಸ್ವಿಚ್ಚೂ ಹಾಗೇ ಇದೆ. ಅಮ್ಮ ಮೊದಲ ವಾರ ಅಭ್ಯಾಸಬಲದಿಂದ ಆ ಸ್ವಿಚ್ಚನ್ನೇ ಆಫ್ ಮಾಡುತ್ತಿದ್ದರು, ಹಾಸನದಲ್ಲಿ ಅಕ್ಕನ ಫೋನಿನಲ್ಲಿ 'ಸಾಧನ ಆಫ್‌ಲೈನ್' ಅಂತ ಬರುತ್ತಿತ್ತು, ಅವಳು ಗಾಬರಿಯಾಗಿ ನನಗೆ ಫೋನ್ ಮಾಡುತ್ತಿದ್ದಳು, ನಾನು ಅಮ್ಮನಿಗೆ ಮಾಡುತ್ತಿದ್ದೆ. "ನೀರು ಕಾಯ್ಸೋಕೆ ನಿಮ್ಮಿಬ್ಬರ ಪರ್ಮಿಷನ್ ಬೇಕೇನೋ?" ಅಂತ ಬೈಸಿಕೊಂಡೆ. ಅವರ ಮಾತು ಸರಿಯಾಗೇ ಇತ್ತು.

ಇಂಟರ್ನೆಟ್ ಇಲ್ಲದೆಯೂ ನಡೆಯುವುದು ಸಣ್ಣ ವಿಷಯ ಅಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಸಾಧನ ಇತ್ತು, 300 ಡಾಲರಿನದು, ಮನೆಯ ಲೈಟು ಬಾಗಿಲು ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವ ಡಬ್ಬಿ. ಗೂಗಲಿನ ನೆಸ್ಟ್ ಆ ಕಂಪನಿಯನ್ನು 2014ರಲ್ಲಿ ಕೊಂಡುಕೊಂಡು, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಡಬ್ಬಿ ಕೆಟ್ಟಿರಲಿಲ್ಲ, ಆದರೂ ಕೆಲಸಕ್ಕೆ ಬಾರದ್ದಾಯಿತು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್, ಅಂದರೆ ಬೇರೆ ಕಂಪನಿಗಳಿಗೆ ಅದು ಬಾಡಿಗೆಗೆ ಕೊಡುವ ಸರ್ವರುಗಳು, ಕೆಲ ಗಂಟೆ ಕೈಕೊಟ್ಟಾಗ ಏಯ್ಟ್ ಸ್ಲೀಪ್ ಅನ್ನುವ ಕಂಪನಿಯ ದುಬಾರಿ ಸ್ಮಾರ್ಟ್ ಹಾಸಿಗೆಗಳೇ ಸಿಕ್ಕಿಹಾಕಿಕೊಂಡವು. ಬಿಸಿ ಇಳಿಸೋಕೆ ಆಗದೆ, ಎತ್ತರ ಬದಲಿಸೋಕೆ ಆಗದೆ ಜನ ಎದ್ದು ಕೂತಿದ್ದರಂತೆ. ಹಾಸಿಗೆಗೆ ಇಂಟರ್ನೆಟ್ ಇಲ್ಲ ಅಂತ ನಿದ್ದೆ ಇಲ್ಲ! ಆಮೇಲೆ ಆ ಕಂಪನಿ ಇಂಟರ್ನೆಟ್ ಇಲ್ಲದಾಗ ಬ್ಲೂಟೂತಿನಿಂದ ನಡೆಸುವ ವ್ಯವಸ್ಥೆ ಕೊಟ್ಟಿತು. ಮೊದಲೇ ಕೊಡಬಹುದಿತ್ತು, ಅಲ್ವಾ?

ಸ್ವಲ್ಪ ಜಾಸ್ತಿ ದುಡ್ಡು ಕೊಡೋಕೆ ತಯಾರಿದ್ದರೆ ಡಬ್ಬಿ ಮೇಲೆ 'ಮ್ಯಾಟರ್' ಗುರುತು ಇದೆಯಾ ನೋಡಿ. 2022ರ ಅಕ್ಟೋಬರಿನಲ್ಲಿ ಆಪಲ್, ಗೂಗಲ್, ಅಮೆಜಾನ್ ಎಲ್ಲ ಸೇರಿ ಹೊರತಂದ, ಬೇರೆ ಬೇರೆ ಕಂಪನಿಯ ಸ್ಮಾರ್ಟ್ ಸಾಧನಗಳು ಪರಸ್ಪರ ಮಾತಾಡುವ ಒಂದೇ ಭಾಷೆ ಅದು. ಆ ಗುರುತಿನ ಸಾಧನವನ್ನು ಮನೆಯೊಳಗಿನ ನೆಟ್‌ವರ್ಕಿನಲ್ಲೇ ನಡೆಸಬಹುದು, ಕಂಪನಿಯ ಸರ್ವರಿಗೆ ಹೋಗಿ ಬರಬೇಕಿಲ್ಲ.

ಕ್ಯಾಮೆರಾ ಕಥೆ ಬೇರೆ. ಕೊಬ್ಬರಿ ರೇಟು ಏರಿದ ಮೇಲೆ ಅಂಗಳದಲ್ಲಿ ಕಾಯಿ ರಾಶಿ ಹಾಕಿಟ್ಟು ನಿಶ್ಚಿಂತೆಯಿಂದ ಮಲಗುವ ಕಾಲ ಹೋಯಿತು. ಅದಕ್ಕೇ ತರಿಸಿದ್ದು. ಚಿತ್ರ ಚೆನ್ನಾಗಿದೆ, ರಾತ್ರಿಯೂ ಮುಖ ಗುರುತು ಸಿಗುತ್ತದೆ, ಮೆಮೊರಿ ಕಾರ್ಡಿಗೆ ರೆಕಾರ್ಡ್ ಆಗುತ್ತದೆ. ಇಷ್ಟಕ್ಕೆ ಎರಡು ಸ್ಟಾರ್. ಮಿಕ್ಕ ಮೂರು ಹೋಗಿದ್ದು ಹೀಗೆ.

ಅಕ್ಕ ಅಂಗಡಿಯಿಂದ ಒಬ್ಬ ಹುಡುಗನನ್ನು ಕರೆಸಿ ಹಾಕಿಸಿದ್ದಳು. ಕೆಲಸ ಅಚ್ಚುಕಟ್ಟು, ವೈರು ಒಂದೂ ಕಾಣದ ಹಾಗೆ. ನಮ್ಮಿಬ್ಬರ ಫೋನಿನಲ್ಲೂ ಅಂಗಳ ಕಾಣುತ್ತಿತ್ತು. ಕಾರ್ಡಿನಲ್ಲಿ ಎಷ್ಟು ದಿನದ ರೆಕಾರ್ಡಿಂಗ್ ಇರಬೇಕು ಅಂತ ಬದಲಿಸೋಕೆ ಹೋದಾಗ ಆಪ್ ಹೇಳಿತು, 'ಮಾಲೀಕರು ಮಾತ್ರ ಬದಲಿಸಬಹುದು'. ಮಾಲೀಕ ಯಾರು? ಆ ಹುಡುಗ. ತನ್ನ ಫೋನಿನಲ್ಲಿ, ತನ್ನ ನಂಬರಿನಲ್ಲಿ ಕ್ಯಾಮೆರಾ ಸೇರಿಸಿ, ಅಲ್ಲಿಂದ ನಮಗೆ 'ಶೇರ್' ಮಾಡಿದ್ದ. ನಮ್ಮ ಅಂಗಳದ ಕ್ಯಾಮೆರಾಗೆ ನಾವು ಅತಿಥಿಗಳು. ಊರಿಗೆ ಹೋದಾಗ ಅಂಗಡಿಗೆ ಹೋಗಿ ಕೇಳಿದೆ. ಅವನಿಗೆ ಮುಚ್ಚಿಡುವ ಯೋಚನೆಯೇ ಇಲ್ಲ, ಫೋನ್ ತೆಗೆದು ತೋರಿಸಿದ: ಗೇಟುಗಳು, ಒಂದು ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆ, ಯಾರದೋ ಕೊಟ್ಟಿಗೆ, ಒಂದು ಮನೆಯ ಒಳಗಿನ ಹಾಲ್, ಸಾಲಾಗಿ. "ಎಲ್ಲಾರದೂ ಹಿಂಗೇ ಸಾರ್, ರಿಪೇರಿಗೆ ಈಸಿ ಆಗುತ್ತೆ" ಅಂದ. ಬೀಗ ಮಾಡಿಕೊಟ್ಟವನೇ ಒಂದು ನಕಲಿ ಕೀ ಜೇಬಿನಲ್ಲಿಟ್ಟುಕೊಂಡ ಹಾಗಾಯಿತು, ಅದೂ ನಗುನಗುತ್ತಾ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ ಕೂಡಲೇ ತೆಗೆದುಕೊಟ್ಟ. ಅವನು ಅಂಗಡಿ ಬಿಟ್ಟು ಬೆಂಗಳೂರಿಗೆ ಹೋಗಿದ್ದರೆ? ನಂಬರ್ ಬದಲಿಸಿದ್ದರೆ?

ನೀವು ಕೇಳಬಹುದು, ಹಿಂದೆ ರೀಸೆಟ್ ಬಟನ್ ಇದೆಯಲ್ಲ, ಒತ್ತಿದರಾಯಿತಲ್ಲ ಅಂತ. ಅಂಗಡಿಗೆ ಹೋಗುವ ಮುಂಚೆ ಅದನ್ನೇ ಮಾಡಿ ನೋಡಿದ್ದು. ವೈಫೈ ಮರೆಯಿತು, ಮಾಲೀಕನನ್ನು ಮರೆಯಲಿಲ್ಲ. ಹೊಸದಾಗಿ ಸೇರಿಸೋಕೆ ಹೋದರೆ 'ಈ ಸಾಧನ ಬೇರೆ ಖಾತೆಗೆ ಸೇರಿದೆ'. ಇದನ್ನು ಬೇಕಂತಲೇ ಹೀಗೆ ಮಾಡಿದ್ದಾರೆ: ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋಗಿ ರೀಸೆಟ್ ಮಾಡಿ ಮಾರಬಾರದು ಅಂತ. ಕಾರಣ ಒಪ್ಪುತ್ತೇನೆ. ಆದರೆ ಕಳ್ಳನನ್ನು ತಡೆಯುವ ಆ ಗೋಡೆ ಕೊಂಡವನನ್ನೂ ಹೊರಗೇ ನಿಲ್ಲಿಸಿದೆ. ಬಿಲ್ಲು ಮತ್ತು ಕ್ಯಾಮೆರಾದ ಅಡಿಯ ಸೀರಿಯಲ್ ನಂಬರ್ ತೋರಿಸಿದರೆ ಮಾಲೀಕತ್ವ ಬದಲಿಸಿಕೊಡುವ ದಾರಿ ಇರಬೇಕು. ಇಲ್ಲ. ಅದಕ್ಕಿಂತ ಸುಲಭದ್ದು ಇನ್ನೊಂದು: ಆಪ್ ತೆರೆದ ಕೂಡಲೇ ಮೇಲ್ಗಡೆ 'ಈ ಕ್ಯಾಮೆರಾ ಮೂರು ಫೋನಿನಲ್ಲಿದೆ' ಅಂತ ದೊಡ್ಡಕ್ಷರದಲ್ಲಿ ಕಾಣಬೇಕು. ಅದೂ ಇಲ್ಲ, ಅತಿಥಿಗಳಿಗೆ ಆ ಪಟ್ಟಿಯೇ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಕ್ಯಾಮೆರಾ ಹಾಕಿಕೊಟ್ಟಿದ್ದರೆ ಇವತ್ತೇ ಸೆಟ್ಟಿಂಗ್ಸಿಗೆ ಹೋಗಿ ಯಾರ ಹೆಸರಲ್ಲಿದೆ ನೋಡಿ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಎರಡನೇ ದಿನವೇ ಅಮ್ಮನನ್ನು ಕೇಳಿದರಂತೆ, "ಇದು ಮಾತೂ ಕೇಳಿಸ್ಕೊಳುತ್ತಾ ಅಮ್ಮಾ?" ಅಂತ. ಕೇಳಿಸಿಕೊಳ್ಳುತ್ತದೆ. ಆಡಿಯೋ ರೆಕಾರ್ಡಿಂಗ್ ಕಂಪನಿಯಿಂದಲೇ ಆನ್ ಆಗಿ ಬಂದಿತ್ತು. ಸೆಟಪ್ಪಿನಲ್ಲಿ ಒಂದು ಮಾತೂ ಕೇಳಿರಲಿಲ್ಲ. ಅಂಗಳದ ಕಟ್ಟೆ ಮೇಲೆ ಕೂತು ಅಮ್ಮ, ಆಕೆ, ಪಕ್ಕದ ಮನೆಯವರು ಮಾತಾಡುವುದೆಲ್ಲ ಕಾರ್ಡಿನಲ್ಲಿ ತುಂಬಿಕೊಳ್ಳುತ್ತಿತ್ತು. ತಕ್ಷಣ ಆಫ್ ಮಾಡಿದೆ. ಕಾಯಿ ಕದಿಯುವವನು ಮಾತಾಡಿಕೊಂಡು ಬರಲ್ಲವಲ್ಲ. ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲೂ ಚೌಕಟ್ಟಿನಲ್ಲಿ ಬರುತ್ತಿತ್ತು. ಆಪಿನಲ್ಲಿ 'ಜೋನ್' ಅಂತ ಇದೆ, ಅದನ್ನು ಬಿಟ್ಟು ಗುರುತು ಹಾಕಬಹುದು, ಆದರೆ ಅದು ನೋಟಿಫಿಕೇಷನ್ನಿಗೆ ಮಾತ್ರ, ರೆಕಾರ್ಡಿಂಗಿನಲ್ಲಿ ಕಲ್ಲು ಹಾಗೇ ಇದೆ. ಕೊನೆಗೆ ಕ್ಯಾಮೆರಾವನ್ನೇ ಗೇಟಿನ ಕಡೆ ತಿರುಗಿಸಿದೆವು.

ಕಾನೂನು ಕಾಯುತ್ತದೆ ಅಂತ ಕೂರಬೇಡಿ. 2023ರ ನಮ್ಮ ಡೇಟಾ ರಕ್ಷಣೆ ಕಾಯ್ದೆ ಕಂಪನಿಗಳಿಗೆ ಲಗಾಮು ಹಾಕುತ್ತದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಆದರೆ ಒಬ್ಬ ವ್ಯಕ್ತಿ ತನ್ನ ಮನೆಬಳಕೆಗೆ ಅಂತ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಕೆಲಸಕ್ಕೆ ಬರುವಾಕೆಯ ಮಾತನ್ನು ನಾನು ರೆಕಾರ್ಡ್ ಮಾಡಿಟ್ಟುಕೊಂಡರೆ ಈ ಕಾಯ್ದೆ ನನ್ನನ್ನು ಕೇಳಲ್ಲ. ಆಕೆಯನ್ನು ಕಾಯಬೇಕಾದ್ದು ಆ ಆಡಿಯೋ ಬಟನ್ 'ಆಫ್' ಆಗಿ ಬರುವುದು. ಕಾರ್ಖಾನೆಯಲ್ಲಿ ಯಾರೋ ಒಬ್ಬರು ಮಾಡುವ ಒಂದು ಸಣ್ಣ ಆಯ್ಕೆ.

ಕಂಪನಿಯ ಒಳಗಿನವರ ಕಣ್ಣು ಇನ್ನೊಂದು ಚಿಂತೆ. ಅಮೆಜಾನಿನ ರಿಂಗ್ ಕ್ಯಾಮೆರಾ ಕಂಪನಿಯಲ್ಲಿ ನೌಕರರು, ಗುತ್ತಿಗೆಯವರು ಗ್ರಾಹಕರ ಖಾಸಗಿ ವಿಡಿಯೋ ನೋಡುವ ಹಾಗಿತ್ತು ಅಂತ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಕೇಸು ಹಾಕಿ, 2023ರಲ್ಲಿ 58 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ವೈಜ್ ಅನ್ನುವ ಇನ್ನೊಂದು ಕಂಪನಿಯಲ್ಲಿ 2024ರ ಫೆಬ್ರವರಿಯಲ್ಲಿ ಸರ್ವರ್ ಬಿದ್ದು ಎದ್ದ ಹೊತ್ತಿಗೆ ಸುಮಾರು 13,000 ಜನರಿಗೆ ಬೇರೆಯವರ ಕ್ಯಾಮೆರಾದ ಚಿತ್ರಗಳು ಕಾಣಿಸಿಕೊಂಡವು. ಯಾವ ಹ್ಯಾಕರೂ ಇಲ್ಲ, ಬರೀ ಗೊಂದಲ. ಇದನ್ನೆಲ್ಲ ಓದಿದ ಮೇಲೆ ನಾನು ಕ್ಲೌಡ್ ಚಂದಾ ತಗೊಳ್ಳಲಿಲ್ಲ, ಕಾರ್ಡಿನಲ್ಲಿ ರೆಕಾರ್ಡ್ ಆದರೆ ಸಾಕು. ತಗೊಳ್ಳಿ ತಗೊಳ್ಳಿ ಅಂತ ಆಪ್ ಮಾತ್ರ ಬಿಡುವುದಿಲ್ಲ. ನೋಟಿಫಿಕೇಷನ್ ಅಂತೂ ಕೇಳಲೇಬೇಡಿ: ಗಾಳಿಗೆ ತೆಂಗಿನ ಗರಿ ಅಲ್ಲಾಡಿದರೂ 'ಚಲನೆ ಪತ್ತೆ', ಕಾಗೆ ಕೂತರೂ 'ಚಲನೆ ಪತ್ತೆ', ಮನುಷ್ಯರನ್ನು ಮಾತ್ರ ಗುರುತಿಸಬೇಕಾದರೆ ಚಂದಾ ಕಟ್ಟಿ ಅನ್ನುತ್ತದೆ. ಹೀಗೆ ದಿನಕ್ಕೆ ಅಷ್ಟೊಂದು ಸಲ ಕೂಗಿದರೆ ಯಾರು ನೋಡುತ್ತಾರೆ? ಅಕ್ಕ ನೋಟಿಫಿಕೇಷನ್ನೇ ಬಂದ್ ಮಾಡಿಟ್ಟಿದ್ದಾಳೆ. ನಿಜವಾಗಿ ಕಳ್ಳ ಬಂದ ದಿನವೂ ಅದು ಬಂದ್ ಇರುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಮೆಚ್ಚಬೇಕು. ಮೊದಲೆಲ್ಲ ಎಲ್ಲಾ ಕ್ಯಾಮೆರಾಗೂ ಒಂದೇ 'ಅಡ್ಮಿನ್', ಒಂದೇ '12345'. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಇಂಥ ಸುಮಾರು 60 ಜೋಡಿ ಹೆಸರು-ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾ ರೆಕಾರ್ಡಿಂಗ್ ಡಬ್ಬಿ), ರೂಟರುಗಳನ್ನು ವಶಮಾಡಿಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಅವುಗಳಿಂದಲೇ ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡಿನ್ ಅನ್ನುವ ಕಂಪನಿಯ ಮೇಲೆ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಜನರಿಗೆ ತೆರೆಯಲೇ ಇಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂಥ ಒಂದೇ ಪಾಸ್‌ವರ್ಡಿನ ಸಾಧನ ಮಾರುವ ಹಾಗಿಲ್ಲ, ಎಷ್ಟು ಕಾಲ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆ ಅಂತಲೂ ಮೊದಲೇ ಹೇಳಬೇಕು. ನಮ್ಮಲ್ಲೂ ಸಿಸಿಟಿವಿ ಕ್ಯಾಮೆರಾಗಳಿಗೆ ಸೆಕ್ಯುರಿಟಿ ಪರೀಕ್ಷೆ ಕಡ್ಡಾಯ ಮಾಡುವ ಆದೇಶ 2024ರ ಏಪ್ರಿಲ್‌ನಲ್ಲಿ ಬಂತು, 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಕೊಳ್ಳುವಾಗ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಕೊಡುವ ಎಸ್‌ಟಿಕ್ಯೂಸಿ ಸರ್ಟಿಫಿಕೇಟ್ ಇದೆಯಾ ಅಂತ ಅಂಗಡಿಯಲ್ಲಿ ಕೇಳಿ. ನಮ್ಮ ಕ್ಯಾಮೆರಾ ಮೊದಲ ಸಲವೇ ಹೊಸ ಪಾಸ್‌ವರ್ಡ್ ಕೇಳಿತು. ಆದರೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಅಂತ ಡಬ್ಬಿ, ಆಪ್, ವೆಬ್‌ಸೈಟ್ ಎಲ್ಲಾ ಹುಡುಕಿದರೂ ಸಿಗಲಿಲ್ಲ.

ಬೀಗಕ್ಕೆ ಮೂರು ಸ್ಟಾರ್, ಜಾಸ್ತಿ ಹೇಳುವುದಿಲ್ಲ. ಅಪ್ಪನ ಬೆರಳು ಅದಕ್ಕೆ ತಿಳಿಯುವುದೇ ಇಲ್ಲ. ಜೀವನಪೂರ್ತಿ ಕಾಯಿ ಸುಲಿದ ಕೈ, ರೇಖೆ ಸವೆದುಹೋಗಿದೆ, ರೇಷನ್ ಅಂಗಡಿಯಲ್ಲೂ ಇದೇ ಗೋಳು. ನಂಬರ್ ಒತ್ತಿ ತೆಗೆಯಬಹುದು, ಜೊತೆಗೆ ಮಾಮೂಲಿ ಕೀಲಿಯೂ ಇದೆ, ಬ್ಯಾಟರಿ ಪೂರ್ತಿ ಹೋದರೆ ಹೊರಗಿನಿಂದ ಪವರ್ ಬ್ಯಾಂಕ್ ಚುಚ್ಚಿ ತೆಗೆಯುವ ತೂತು ಇದೆ. ಆ ಕೀಲಿ ಇರುವುದರಿಂದಲೇ ಮೂರು. ಕೀಲಿ ಇಲ್ಲದ ಮಾಡೆಲ್ ಚೆಂದ ಕಾಣುತ್ತದೆ, ಅದನ್ನು ವಯಸ್ಸಾದವರಿರುವ ಮನೆಗೆ ಹಾಕಬೇಡಿ. ಕೀಲಿಯನ್ನು ಮನೆಯೊಳಗೇ ಮೊಳೆಗೆ ನೇತುಹಾಕಿದರೂ ಪ್ರಯೋಜನವಿಲ್ಲ, ಒಂದು ಪಕ್ಕದ ಮನೆಯಲ್ಲಿರಲಿ.

ಈ ಪ್ಲಗ್ಗನ್ನು ಮೋಟರಿಗೆ ಹಾಕಬಹುದಾ ಅಂತ ನಮ್ಮೂರಿನ ಇಬ್ಬರು ಮೂವರು ಕೇಳಿದರು. ಬೇಡ. ಮೋಟರ್ ಶುರುವಾಗುವ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಪ್ಲಗ್ಗಿನ ಒಳಗಿನ ರಿಲೇ ಅಂಟಿಕೊಂಡರೆ ಆಪಿನಲ್ಲಿ ಆಫ್ ಅಂತ ತೋರಿಸುತ್ತಾ ಮೋಟರ್ ಓಡುತ್ತಲೇ ಇರುತ್ತದೆ. ಸಂಪಿನ ಅರ್ಧ ಎಚ್‌ಪಿ ಪಂಪಿಗಾದರೂ ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ಜಾಸ್ತಿ ಕರೆಂಟ್ ತಡೆದುಕೊಳ್ಳುವ ದೊಡ್ಡ ರಿಲೇ, ಹಾಕಿಸಿ, ಎಲೆಕ್ಟ್ರಿಷಿಯನ್ನಿಗೆ ಹೇಳಿದರೆ ಗೊತ್ತಾಗುತ್ತದೆ. ತೋಟದ ತ್ರೀ ಫೇಸ್ ಬೋರಿಗೆ ಸ್ಟಾರ್ಟರ್ ಜೊತೆ ಕೂರಿಸುವ ಮೊಬೈಲ್ ಕಂಟ್ರೋಲರ್ ಬೇರೆಯೇ ಸಿಗುತ್ತದೆ, ಸಿಮ್ ಹಾಕುವಂಥದ್ದು. ಅದನ್ನು ನಾನು ಬಳಸಿಲ್ಲ, ಆದ್ದರಿಂದ ಸ್ಟಾರ್ ಕೊಡಲ್ಲ.